ಎಂಟರ್ ಒತ್ತಿದ ಮೇಲೆ

ಮನೆಯಲ್ಲಿ ಅವಳಿಗೆ ‘ಇನ್ನೊಂದ್ಸಲ’ ಎಂದೇ ಹೆಸರು ಬಿದ್ದಿತ್ತು. ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದವಳು ‘ಇರಿ, ಇನ್ನೊಂದ್ಸಲ’ ಎಂದು ಮತ್ತೆ ಹತ್ತುವಳು. ಗ್ಯಾಸ್ ಆರಿಸಿದ್ದೇನೆಂದು ಗಂಡ ಆಣೆ ಮಾಡಿದರೂ ಸಾಲದು, ಕಣ್ಣಾರೆ ನೋಡಬೇಕು. ಅಮ್ಮನ ಹೊಟ್ಟೆಯೊಳಗೆ ಯಾರೋ ಕೂತು ಗಂಟೆ ಬಾರಿಸುತ್ತಾರೆ ಎಂದು ಮಗಳು ರೇಗಿಸುತ್ತಿದ್ದಳು. ಬಾರಿಸುವುದು ನಿಜ. ಬೇಕಾದ ಹೊತ್ತಿಗೆ ಮಾತ್ರ ಅದು ಗಪ್‌ಚುಪ್.

ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಸ್ಪತ್ರೆಯಲ್ಲಿ ಅವಳು ಟೈಪಿಸ್ಟ್. ಅಲ್ಲಿಯವರೆಗೆ ದೊಡ್ಡ ನರ್ಸ್ ಕೈಯಲ್ಲೇ ಬರೆಯುತ್ತಿದ್ದ ಮಾತ್ರೆಯ ಚಾರ್ಟನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಆ ವಾರ ಅವಳ ತಲೆಗೆ ಬಂತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರೆ 1-0-1. ಒಂದೊಂದು ಚೌಕದಲ್ಲೂ ಟೈಪ್ ಮಾಡಿ, ನರ್ಸ್ ಬರೆದದ್ದರ ಮೇಲೆ ಬೆರಳಿಟ್ಟು, ಪರದೆ ನೋಡಿ, ಇನ್ನೊಂದು ಸಲ ನೋಡಿ, ಆಮೇಲೆ ಎಂಟರ್ ಒತ್ತುವಳು. ಒತ್ತಿದ್ದೇ ತಡ, ಕಣ್ಣು ಮುಂದಿನ ಚೌಕಕ್ಕೆ ಹಾರುತ್ತಿತ್ತು. ಪ್ರಿಂಟ್ ತೆಗೆದಾಗ ಕೆಲವು ಅಂಕಿಗಳ ಎಡಕ್ಕೆ ಸೊನ್ನೆ ಸೇರಿಕೊಂಡಿದ್ದು ಕಂಡಿತು. ಯಂತ್ರವೂ ತನ್ನ ಹಾಗೆ ಅಚ್ಚುಕಟ್ಟು ಎಂದುಕೊಂಡು ಖುಷಿಪಟ್ಟಳು.

ಕೆಳಗಿನ ವಾರ್ಡಿನ ಕಿಟಕಿಯ ಬಳಿ ಟೈಲರ್ ಅಜ್ಜನ ಮಂಚ. ಕೈ ನಡುಗುವ ಕಾಯಿಲೆ. ಆದರೆ ಬೆಳಗಿನ ಮಾತ್ರೆ ಒಳಗಿಳಿದ ಮೇಲೆ ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದ, ಅವಳು ಹಾದುಹೋಗುವಾಗ ಎತ್ತಿ ತೋರಿಸುತ್ತಿದ್ದ. ವಾರ್ಡಿನವರ ಗುಂಡಿಗಳೆಲ್ಲ ಅವನ ಕೈಯಲ್ಲೇ ಹೊಲಿಗೆಯಾಗುತ್ತಿದ್ದವು. ಆ ವಾರ ಸೂಜಿ ಕಾಣಲಿಲ್ಲ. ಮೊದಲ ದಿನ ಅವಳು ನಿದ್ದೆ ಕಮ್ಮಿಯಾಗಿರಬೇಕು ಎಂದುಕೊಂಡಳು. ಮಾರನೆಯ ದಿನವೂ ಅಜ್ಜ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡೇ ಇದ್ದ. ಅವಳಿಗೆ ಊಟ ಸೇರಲಿಲ್ಲ. ಲೋಕದ ಚಿಂತೆಯೆಲ್ಲ ನಿನಗೇ ಬೇಕಾ ಎಂದು ಗಂಡ ಗೊಣಗಿದ.

ಕೊನೆಗೊಂದು ಬೆಳಿಗ್ಗೆ ಅಜ್ಜ ಅವಳನ್ನು ಕರೆದು ಸೂಜಿಡಬ್ಬಿ ಕೊಟ್ಟ.

“ನಿನ್ ಮಗಳಿಗೆ ಕೊಡಮ್ಮ. ಈ ಕೈ ಇನ್ನು ನಂದಲ್ಲ.”

ಕಾಯಿಲೆ ಜೋರಾಗಿದೆ, ನಾಳೆ ಡಾಕ್ಟರು ಮಾತ್ರೆ ಏರಿಸುತ್ತಾರೆ ಎಂದು ದೊಡ್ಡ ನರ್ಸ್ ಹೇಳಿದಳು. ಅವಳು ಡಬ್ಬಿ ಹಿಡಿದು ಮೇಲೆ ತನ್ನ ಮೇಜಿಗೆ ಬಂದಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಏರಿಸುವುದಾದರೆ ಎಷ್ಟಿಂದ ಎಷ್ಟಕ್ಕೆ ಎಂದು ನೋಡಲು ಚಾರ್ಟ್ ತೆರೆದಳು. ಅಜ್ಜನ ಹೆಸರಿನ ಮುಂದೆ 01-02-01. ನರ್ಸ್ ಕೈಬರಹದಲ್ಲಿ 2-1-1.

ಚೌಕದಲ್ಲಿ ಮತ್ತೆ 2-1-1 ಎಂದು ಹೊಡೆದಳು. ಸರಿಯಾಗಿಯೇ ಕಂಡಿತು. ಎಂಟರ್ ಒತ್ತಿ, ಈ ಸಲ ಕಣ್ಣು ಕದಲಿಸದೆ ನೋಡಿದಳು. ಅವಳ ಕಣ್ಣೆದುರೇ ಅಂಕಿ ಮಗ್ಗುಲು ಬದಲಿಸಿತು. ಕಂಪ್ಯೂಟರಿನ ಆ ಹಾಳೆಯನ್ನು ಮೊದಲು ಭೇಟಿಗೆ ಬರುವವರ ತಾರೀಕು ಬರೆಯಲೆಂದು ಮಾಡಿದ್ದರು. ಯಂತ್ರ ಮಾತ್ರೆಯನ್ನು ತಾರೀಕೆಂದೇ ತಿಳಿದಿತ್ತು: ಎರಡನೇ ತಿಂಗಳು, ಒಂದನೇ ದಿನ, 2001ನೇ ಇಸವಿ. ತೋರಿಸುವಾಗ ದಿನ ಮುಂದೆ, ತಿಂಗಳು ಹಿಂದೆ. ಸೊನ್ನೆಯ ತಿಂಗಳಾಗಲಿ ಸೊನ್ನೆಯ ತಾರೀಕಾಗಲಿ ಇಲ್ಲವಾದ್ದರಿಂದ 1-0-1ರವರು ಬಚಾವ್. 1-1-1ರವರಿಗೆ ಹೇಗೆ ತಿರುಗಿಸಿದರೂ ಒಂದೇ. ಸಿಕ್ಕಿಬಿದ್ದವನು ಅಜ್ಜ ಒಬ್ಬನೇ. ಇದು ತಾರೀಕಲ್ಲ, ಬರೀ ಅಕ್ಷರ ಎಂದು ಚೌಕವನ್ನು ಟೆಕ್ಸ್ಟ್ ಮಾಡಿದರೆ, ಯಂತ್ರ ಆ ತಾರೀಕಿಗೆ ತಾನು ಇಟ್ಟುಕೊಂಡಿದ್ದ ದಿನಗಳ ಲೆಕ್ಕವನ್ನು ಕಕ್ಕಿ ಮೂವತ್ತಾರು ಸಾವಿರದ ಚಿಲ್ಲರೆ ಎಂದು ತೋರಿಸಿತು. ಅಷ್ಟು ಮಾತ್ರೆ ನುಂಗಲು ಅಜ್ಜನಿಗೆ ಇನ್ನೊಂದು ಜನ್ಮ ಬೇಕು. ನಗು ಬರುವ ಬದಲು ಅವಳಿಗೆ ಅಳು ಬಂತು. ಇಡೀ ಸಾಲನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು, ಎಲ್ಲವನ್ನೂ ಅಳಿಸಿ, ಹೊಸದಾಗಿ ಹೊಡೆದಳು. ಎಂಟರ್ ಒತ್ತಿ ಒತ್ತಿ ನೋಡಿದಳು. ಯಾವುದೂ ಕದಲಲಿಲ್ಲ.

ಪ್ರಿಂಟ್ ಹಿಡಿದು ಮೊದಲು ನರ್ಸ್ ಹತ್ತಿರ ಓಡಿದಳು. ನರ್ಸ್ ಓದಿ ನೋಡಿ, ಬಾಯಿಗೆ ಬಂದ ಹಾಗೆ ಬೈದು, ಡಾಕ್ಟರಿಗೆ ಫೋನ್ ಮಾಡಿದಳು. ಬೈಗುಳ ಅವಳ ಕಿವಿಗೆ ಬೀಳಲೇ ಇಲ್ಲ. ಅವಳಾಗಲೇ ಕಿಟಕಿಯ ಬಳಿ ನಿಂತಿದ್ದಳು.

“ಅಜ್ಜ, ತಪ್ಪು ನಂದು. ಬೆಳಿಗ್ಗೆ ನಿಮ್ಗೆ ಎರಡು ಮಾತ್ರೆ ಕೊಡ್ಬೇಕಿತ್ತು. ನನ್ ಚಾರ್ಟ್ ನೋಡಿ ಒಂದೇ ಕೊಟ್ರು.”

ಅಜ್ಜ ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದ.

“ಹಂಗಾದ್ರೆ ಕೈ ಇನ್ನೂ ನಂದೇನಾ?”

“ನಿಮ್ದೇ ಅಜ್ಜ.”

“ಮತ್ತೆ ಡಬ್ಬಿ ಯಾಕೆ ಹಿಡ್ಕೊಂಡಿದ್ದೀಯ? ಕೊಡಿಲ್ಲಿ.”

ಕೈ ಒಂದೇ ದಿನಕ್ಕೆ ಹಳಿಗೆ ಬರಲಿಲ್ಲ. ಆ ದಿನಗಳಲ್ಲಿ ಅವಳು ಬೀಗ ಜಗ್ಗುವುದನ್ನೂ ಮರೆತು ಮನೆಯಿಂದ ಓಡಿಬರುತ್ತಿದ್ದಳು. ಹಾಗೆ ಬಂದ ಒಂದು ಬೆಳಿಗ್ಗೆ ಕಿಟಕಿಯಲ್ಲಿ ಸೂಜಿ ಮಿನುಗಿತು. ದಾರದ ತುದಿ ಎರಡು ಸಲ ತಪ್ಪಿ, ಆಮೇಲೆ ಒಳಗೆ ನುಗ್ಗಿತು. ಅಜ್ಜ ಎತ್ತಿ ತೋರಿಸಿದ. ಅವಳ ಕಣ್ಣು ತುಂಬಿ ಏನೂ ಸರಿಯಾಗಿ ಕಾಣಲಿಲ್ಲ.

“ಇನ್ನೊಂದ್ಸಲ, ಅಜ್ಜ,” ಎಂದಳು.

ಅಜ್ಜ ದಾರ ಎಳೆದು ತೆಗೆದು, ಮತ್ತೆ ಪೋಣಿಸಿದ.