ಅಕ್ಷರ ಮೂಡುವ ಲ್ಯಾಪ್‌ಟಾಪ್

ಗಂಡ ಸಿದ್ದಯ್ಯ ತೀರಿಕೊಂಡಾಗ ಮುನಿರತ್ನಮ್ಮ ಅಳಲಿಲ್ಲ. ಚನ್ನಪಟ್ಟಣದ ಪೇಟೆಯಲ್ಲಿ ಇಬ್ಬರೂ ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡಿಕೊಡುತ್ತಿದ್ದ ಅಂಗಡಿಯನ್ನು ಖಾಲಿ ಮಾಡಿ, ಕೆಲಸವನ್ನು ಮನೆಗೆ ತಂದಳು. ಹಳೆಯ ಕಂಪ್ಯೂಟರ್ ಕರೆಂಟು ಹೋದಾಗಲೆಲ್ಲ ಆರಿ, ಕೊನೆಗೊಂದು ದಿನ ಏಳಲೇ ಇಲ್ಲ. ಬ್ಯಾಟರಿ ಇರುವ ಲ್ಯಾಪ್‌ಟಾಪ್ ಕೊಳ್ಳಲೇಬೇಕಾಯಿತು.

ತಮ್ಮ ಮನೋಹರ ಬೆಂಗಳೂರಿನ ಪ್ರೆಸ್ಸೊಂದರಲ್ಲಿ ಡಿಸೈನ್ ಮಾಡುತ್ತಿದ್ದ. ಮ್ಯಾಕ್ ಕಂಪ್ಯೂಟರ್ ಬಿಟ್ಟು ಬೇರೆಯದು ಮುಟ್ಟಬಾರದೆಂದು ಅವನ ಹಟ. ತನ್ನದನ್ನೇ ಹೆಗಲಿಗೇರಿಸಿಕೊಂಡು ಅಕ್ಕನ ಜೊತೆ ರಾಮನಗರಕ್ಕೆ ಬಂದಿದ್ದ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಖಲಂದರ್, ಲ್ಯಾಪ್‌ಟಾಪ್ ನಡೆಸಲು ಬಿಟ್ಟಿ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, ಬೇಡವಾದರೆ ವಿಂಡೋಸ್ ಇದ್ದೇ ಇದೆ ಎಂದ. ಇಬ್ಬರಿಗೂ ವಾದ ಹತ್ತಿಕೊಂಡಿತು. ಅವಳು ಸ್ಟೂಲಿನ ಮೇಲೆ ಕೂತು, ರೇಷ್ಮೆಗೂಡು ಹೊತ್ತು ಹೋಗುವ ಟೆಂಪೋಗಳನ್ನು ನೋಡುತ್ತಿದ್ದಳು.

“ನಿಂಗೇನ್ ಬೇಕು ಅಂತ ಹೇಳಕ್ಕ,” ಎಂದ ಮನೋಹರ.

ಅವಳು ಪರ್ಸಿನಿಂದ ಪೆನ್‌ಡ್ರೈವ್ ತೆಗೆದಳು. “ಇದ್ರಲ್ಲಿ ನಿಮ್ಮ್ ಭಾವ ಮಾಡಿಟ್ಟಿರೋ ಕಾರ್ಡ್‌ಗಳವೆ. ಯಾವುದ್ರಲ್ಲಿ ಓದಕ್ಕಾಯ್ತದೋ ಅದನ್ನೇ ಕೊಡ್ಸು.”

ಮ್ಯಾಕ್‌ನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂತು. ಲಿನಕ್ಸ್‌ನಲ್ಲೂ ಅದೇ ಪಾಡು. ಆ ಹಳೆಯ ಕನ್ನಡ ಸಾಫ್ಟ್‌ವೇರ್ ವಿಂಡೋಸ್‌ಗೆಂದೇ ಮಾಡಿದ್ದು, ಬೇರೆಯದರಲ್ಲಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಬೇಕು ಎಂದು ಖಲಂದರ್ ತಿಳಿಸಿ ಹೇಳಿದ. ವಿಂಡೋಸ್‌ನಲ್ಲಿ ಆ ಸಾಫ್ಟ್‌ವೇರ್ ಹಾಕಿ ಪೆನ್‌ಡ್ರೈವ್ ತೆರೆದಾಗ, ಸಿದ್ದಯ್ಯ ಅರ್ಧಕ್ಕೆ ಬಿಟ್ಟಿದ್ದ ದೊಡ್ಡಮಳೂರಿನವರ ನಾಮಕರಣದ ಕಾರ್ಡು ಅಚ್ಚುಕಟ್ಟಾಗಿ ಮೂಡಿತು. ಮನೋಹರ ಮುಖ ತಿರುಗಿಸಿಕೊಂಡ. ಅವಳು ಒಂದು ಒತ್ತಕ್ಷರದ ತಪ್ಪು ಕಂಡು ತಿದ್ದಿದಳು.

“ಇದೇ ಇರ್ಲಿ,” ಎಂದಳು.

ಎರಡು ವರ್ಷ ಅದರಲ್ಲೇ ದುಡಿದಳು. ಗಿರಾಕಿಗಳು ಹೆಚ್ಚಿದರು, ಕನಕಪುರದಿಂದಲೂ ಬರತೊಡಗಿದರು. ಒಮ್ಮೆ ಯಾರೋ ತಂದ ಸೀಡಿಯಿಂದ ವೈರಸ್ ಹೊಕ್ಕು, ಸಿದ್ದಯ್ಯನ ಕಾರ್ಡುಗಳೆಲ್ಲ ಅಳಿಸಿಹೋದವು. ಚುಚ್ಚಿಟ್ಟಿದ್ದ ಪೆನ್‌ಡ್ರೈವಿನಲ್ಲೂ ಏನೂ ಉಳಿಯಲಿಲ್ಲ. ಖಲಂದರ್ ದಿನವಿಡೀ ಹೆಣಗಿ ಕೈಚೆಲ್ಲಿದ.

ಈಗಲಾದರೂ ಅಳು ಬಂದೀತೆಂದು ಅವಳು ಒಬ್ಬಳೇ ಕೂತು ಕಾದಳು. ಬರಲಿಲ್ಲ. ಹೊಟ್ಟೆ ಹಸಿಯಿತು. ಎದ್ದು ಮುದ್ದೆಗೆ ಎಸರಿಟ್ಟಳು.