ಮರಳುಗಾಡಿನಲ್ಲಿ ಕೇಳಿದ ರಾಯದುರ್ಗದ ಮಾತು

ಗಡಿಗೆ ಸೇನೆಯನ್ನು ತಂದು ನಿಲ್ಲಿಸಿದ ವರ್ಷ ನಾನು ರಾಜಸ್ಥಾನದ ಮರಳುಗಾಡಿನಲ್ಲಿದ್ದೆ. ಕೋವಿ ಹಿಡಿದು ಕಾಯುವವನಲ್ಲ. ಕಾಯುವವರ ಜ್ವರ, ಗಾಯ, ಭೇದಿ ನೋಡಿಕೊಳ್ಳುವ ನರ್ಸಿಂಗ್ ಅಸಿಸ್ಟೆಂಟ್. ಯುದ್ಧ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎನ್ನುತ್ತಿದ್ದರು. ಆಗಲಿಲ್ಲ. ಎಲ್ಲರ ರಜೆ ಮಾತ್ರ ರದ್ದಾಯಿತು.

ನನ್ನೂರು ಮಡಕಶಿರದ ಹತ್ತಿರ, ಹೆಂಡತಿಯದು ರಾಯದುರ್ಗ. ಮದುವೆಯಾಗಿ ವರ್ಷ ತುಂಬುವ ಮೊದಲೇ ನಾನು ಹೊರಟಿದ್ದೆ. ಅವಳು ಬಸುರಿ, ತವರಿಗೆ ಹೋದಳು. ರಾಯದುರ್ಗದ ಬೀದಿಬೀದಿಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವ ಕಾಲ ಅದು. ಮದುವೆಗೆ ಮೊದಲು ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸಿಗೇ ಮತ್ತೆ ಹೋಗಿ ಜೇಬು ಹೊಲಿಯಲು ಕೂತಳು. ಈ ಸ್ಥಿತಿಯಲ್ಲಿ ಯಾಕೆ ಎಂದು ನಾನು ಫೋನಿನಲ್ಲಿ ಕೇಳಿದ್ದಕ್ಕೆ, "ಸುಮ್ನ ಮನ್ಯಾಗ ಕುಂತ್ರ ನಿಮ್ದ ಯೋಚನಿ ಬರತೈತ್ರಿ" ಎಂದಳು.

ನಮ್ಮ ಆಸ್ಪತ್ರೆಯೆಂದರೆ ಅರ್ಧ ಮರಳಿನಲ್ಲಿ ಹೂತ ಒಂದು ದೊಡ್ಡ ಟೆಂಟು, ಒಳಗೆ ಮಡಚುವ ಮಂಚಗಳು, ಒಬ್ಬ ಕ್ಯಾಪ್ಟನ್ ಡಾಕ್ಟರು, ನಾವು ಕೆಲವರು. ಬೆಳಿಗ್ಗೆ ಎದ್ದರೆ ಮೊದಲು ಹಾಸಿಗೆ ಕೊಡವಿ ಹಾವು, ಚೇಳು ಇಲ್ಲವೆಂದು ನೋಡಿಕೊಳ್ಳಬೇಕು. ಆಮೇಲೆ ಜವಾನರ ಸಾಲು. ಬೂಟಿನಲ್ಲಿ ಬೆಂದ ಪಾದಗಳು, ಒಡೆದ ತುಟಿಗಳು, ಮರಳು ಹೊಕ್ಕು ಕೆಂಪಾದ ಕಣ್ಣುಗಳು. ಮಧ್ಯಾಹ್ನ ಟ್ಯಾಂಕರಿನ ನೀರು ಚಹಾದಷ್ಟು ಬಿಸಿ. ಅದಕ್ಕೆ ಉಪ್ಪು ಸಕ್ಕರೆ ಬೆರೆಸಿ, ಎದುರು ನಿಂತು ಕುಡಿಸುವುದೂ ನಮ್ಮ ಕೆಲಸವೇ. ರೊಟ್ಟಿಯಲ್ಲಿ ಮರಳು ಕರುಮ್ ಎನ್ನುತ್ತಿತ್ತು. ಗಾಳಿ ಎದ್ದಾಗ ಮರಳು ಟೆಂಟಿನ ಬಟ್ಟೆಯ ಮೇಲೆ ಸುರಿಯುವ ಸದ್ದು, ನಮ್ಮ ಮನೆಯ ತಟ್ಟೆಗಳಲ್ಲಿ ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದಿನಂತೆಯೇ ಇತ್ತು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಅವ್ವ ಸೊಪ್ಪಿನ ಮಂಕರಿ ಇಳಿಸಲು ಕರೆಯುತ್ತಾಳೇನೋ ಅನ್ನಿಸುತ್ತಿತ್ತು.

ಮಾತಾಡಲು ಹಿಂದಿ ಇತ್ತು. ತೆಲುಗಿನವರೂ ಇಬ್ಬರಿದ್ದರು. ಕನ್ನಡಕ್ಕೆ ಯಾರೂ ಇರಲಿಲ್ಲ. ಕ್ಯಾಂಪಿನ ಒಂದೇ ಫೋನಿನ ಸಾಲಿನಲ್ಲಿ ಸರದಿ ಬಂದಾಗ ಗಾರ್ಮೆಂಟ್ಸಿನ ಫೋನಿಗೆ ಕರೆ ಮಾಡುತ್ತಿದ್ದೆ. ಮಾಲೀಕರು ಕೂಗಿ ಕರೆದರೆ ಅವಳು ಮಿಷನ್ ಬಿಟ್ಟು ಓಡಿ ಬರುತ್ತಿದ್ದಳು. ಸುತ್ತ ಮಿಷನ್ನುಗಳ ಗದ್ದಲ, ಅದರ ನಡುವೆ ಅವಳ ಏದುಸಿರು. "ಉಂಡ್ಯಾ?" ಎಂದು ನಾನು, "ಉಂಡೇನ್ರಿ, ನೀವು?" ಎಂದು ಅವಳು. ಅಷ್ಟರಲ್ಲಿ ನನ್ನ ಹಿಂದಿನವನು ಬೆನ್ನು ತಟ್ಟುತ್ತಿದ್ದ. ಮಗಳು ಹುಟ್ಟಿದ ಸುದ್ದಿಯನ್ನೂ ಹೀಗೇ ಕೇಳಿದೆ, ಮಾಲೀಕರ ಬಾಯಿಂದ. ಅವಳು ಬಾಣಂತಿ, ಫೋನಿನ ತನಕ ಬರುವಂತಿರಲಿಲ್ಲ. ಬಹಳ ದಿನ ಅವಳ ದನಿಯೇ ಕೇಳಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಜೀಪಿನಲ್ಲಿ ಒಬ್ಬ ಜವಾನನನ್ನು ಹೊತ್ತು ತಂದರು. ಬಿಸಿಲು ಹೊಡೆದಿತ್ತು. ಮೈ ಕಾದ ಹೆಂಚು, ಬೆವರಿನ ಹನಿಯಿಲ್ಲ, ಪ್ರಜ್ಞೆಯಿಲ್ಲ. ಬಟ್ಟೆ ಬಿಚ್ಚಿ, ಒದ್ದೆ ಹಾಸು ಹೊದಿಸಿ, ಕಂಕುಳಲ್ಲಿ ಮಂಜುಗಡ್ಡೆ ಇಟ್ಟು, ಜನರೇಟರಿನ ಫ್ಯಾನು ತಿರುಗಿಸಿದೆವು. ಡಾಕ್ಟರು ಸಲೈನ್ ಏರಿಸಿದರು. ಸ್ವಲ್ಪ ಹೊತ್ತಿಗೆ ಅವನ ತುಟಿ ಅಲ್ಲಾಡಿತು. ಏನೋ ಬಡಬಡಿಸಿದ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಕಾಲುವಿಗೆ ನೀರು ಬಿಟ್ಟಾರೇನ್ರಿ? ಸಸಿ ಒಣಗಾಕತ್ತಾವು."

ಏನಂತೆ ಎಂದು ಡಾಕ್ಟರು ಕೇಳಿದರು. ಊರಿನ ಕಾಲುವೆಗೆ ನೀರು ಬಿಟ್ಟರಾ ಎಂದು ಕೇಳುತ್ತಿದ್ದಾನೆ ಎಂದೆ. ಬಿಟ್ಟಿದ್ದಾರೆಂದು ಹೇಳು, ಮಾತಾಡಿಸುತ್ತಲೇ ಇರು ಎಂದರು.

ಅವನ ಕಿವಿಯ ಹತ್ತಿರ ಬಗ್ಗಿ, "ಬಿಟ್ಟವ್ರೆ ಕಣಪ್ಪ. ನಿನ್ ಗದ್ದೆಗೂ ಬಂದೈತೆ. ಸುಮ್ಕೆ ಮಲಿಕ್ಕ" ಎಂದೆ. ಎಷ್ಟೋ ತಿಂಗಳ ಮೇಲೆ ಎದುರಿಗಿರುವ ಮನುಷ್ಯನೊಡನೆ ಕನ್ನಡ ಆಡಿದ್ದೆ.

ಮರುದಿನ ಅವನಿಗೆ ಪ್ರಜ್ಞೆ ಬಂತು. ನನ್ನನ್ನು ಒಂದು ಗಳಿಗೆ ನೋಡಿ, "ಅಣ್ಣಾರ, ನೀವು ನಮ್ಮ ಕಡ್ಯಾರೇನ್ರಿ?" ಎಂದ.

"ಮಡಕಶಿರ. ರಾಯದುರ್ಗದ ಅಳಿಯ."

"ಹಂಗಂದ್ರ ನಮಗೂ ಅಳಿಯಾನ ಆದ್ರಿ. ನಮ್ದು ಬೊಮ್ಮನಹಾಳ್."

ಅವನು ನಮ್ಮಲ್ಲಿದ್ದಷ್ಟು ದಿನ ಬಿಡುವಾದಾಗಲೆಲ್ಲ ಅವನ ಮಂಚದ ಪಕ್ಕ ಕೂರುತ್ತಿದ್ದೆ. ಭತ್ತದ ನಾಟಿ, ಅಕ್ಕನ ಮದುವೆ, ಬಳ್ಳಾರಿಯಲ್ಲಿ ನೋಡಿದ ಸಿನಿಮಾ, ಏನಾದರೂ ಕೇಳಿ ಅವನನ್ನು ಮಾತಿಗೆ ಎಳೆಯುತ್ತಿದ್ದೆ. 'ಯಾಕ' ಎಂಬ ಮಾತನ್ನು ಅವನು ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದ, ಥೇಟ್ ನನ್ನ ಹೆಂಡತಿಯ ಹಾಗೆ.

ಜ್ವರ ಇಳಿದರೂ ಮೂತ್ರಪಿಂಡಕ್ಕೆ ಏಟು ಬಿದ್ದಿತ್ತು. ಜೋಧಪುರದ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದಾಯಿತು. ಅಲ್ಲಿಂದ ಮನೆಗೆ ರಜೆ ಸಿಗುತ್ತದೆ ಎಂದು ಡಾಕ್ಟರು ಅವನಿಗೆ ಧೈರ್ಯ ಹೇಳಿದರು. ಸ್ಟ್ರೆಚರ್ ಹತ್ತಿಸುವಾಗ ನಾನು, "ಊರಿಗೆ ಹೋದಾಗ ರಾಯದುರ್ಗದಲ್ಲಿ ನಮ್ಮನೆಯವಳನ್ನ ಒಂದ್ಸಲ ನೋಡ್ಕೊಂಡು ಬಾ" ಎಂದೆ.

"ಏನ್ ಹೇಳ್ಲಿ ಅಣ್ಣಾರ?"

"ಚೆನ್ನಾಗಿದಾನೆ ಅಂತ ಹೇಳು."

"ಅಷ್ಟ ಹೇಳಾಕ ನಾ ಹೋಗಬೇಕೇನ್ರಿ" ಎಂದು ನಕ್ಕ. ಆಂಬುಲೆನ್ಸ್ ದಿಬ್ಬ ದಾಟಿ ಮರೆಯಾಯಿತು. ಮಂಚದ ಹಾಸು ಬದಲಿಸಿದೆ. ಸಂಜೆಯೇ ಅಲ್ಲಿಗೆ ಬೇರೊಬ್ಬ ಬಂದ, ಪಂಜಾಬಿನವನು.

ಮಳೆಗಾಲವೆಂಬುದು ಅಲ್ಲಿ ಬರದೆಯೇ ಮುಗಿಯಿತು. ಹೆಂಡತಿ ಮತ್ತೆ ಕೆಲಸಕ್ಕೆ ಹೋಗತೊಡಗಿದಳೆಂದು ತಿಳಿದು ಫೋನ್ ಮಾಡಿದೆ. ಮಿಷನ್ ಸದ್ದಿನ ನಡುವೆ, "ಬೊಮ್ಮನಹಾಳದ ಹುಡುಗ ಬಂದಿದ್ದ ರೀ" ಎಂದಳು. "ಕೂಸಿನ್ನ ಎತ್ಕೊಂಡು ಆಡಿಸಿದ. ನಮ್ಮವ್ವನ ಕೈಲಿ ಊಟ ಮಾಡಿ ಹೋದ."

ನಾನಿನ್ನೂ ನೋಡದ ನನ್ನ ಮಗಳನ್ನು ಅವನು ಎತ್ತಿಕೊಂಡಿದ್ದ. "ಏನಂದ?" ಎಂದೆ.

"ಚೆನ್ನಾಗಿದಾರ ಅಂದ." ಮುಂದುವರಿಸಿ, "'ಅಣ್ಣಾರು ದಿನಾ ನನ್ನ ಮಾತಾಡಸ್ತಿದ್ರು ಅಕ್ಕಾರ, ನನ್ನ ಮ್ಯಾಗಿನ ಪ್ರೀತಿಗಲ್ಲ, ನಿಮ್ಮೂರ ಮಾತು ಕೇಳಾಕ' ಅಂದ. ಖರೇನ ಏನ್ರಿ?" ಎಂದು ಕೇಳಿದಳು.

ಅವನಿಗೆ ಅದು ಗೊತ್ತಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

"ಯಾಕ ಮಾತಾಡವಲ್ರಿ?" ಎಂದಳು. ಆಮೇಲೆ, "ಇರ್ಲಿ. ನೀವು ಸುಮ್ನ ಕೇಳ್ರಿ, ನಾ ಮಾತಾಡ್ತೀನಿ" ಎಂದು ಶುರು ಮಾಡಿದಳು. ಬಟ್ಟೆಯ ಬಣ್ಣ ಹತ್ತಿ ಬೆರಳೆಲ್ಲ ನೀಲಿಯಾಗಿರುವುದು, ಕೂಸು ನಿದ್ದೆಯಲ್ಲಿ ನಗುವುದು, ನಲ್ಲಿ ನೀರಿಗೆ ಪಕ್ಕದ ಮನೆಯವಳು ಜಗಳ ತೆಗೆದದ್ದು. ಹಿಂದಿನವನು ಬೆನ್ನು ತಟ್ಟಿದ. ನನ್ನ ಮುಖ ನೋಡಿ ಕೈ ತೆಗೆದುಕೊಂಡ.

ಸೇನೆ ಹಿಂದಕ್ಕೆ ಸರಿದ ಮೇಲೆ ರಜೆ ಸಿಕ್ಕಿತು. ರಾಯದುರ್ಗದ ಮನೆಯ ಬಾಗಿಲಲ್ಲಿ ಟ್ರಂಕು ಇಳಿಸಿದಾಗ ಮಗಳು ಅತ್ತೆಯ ಸೊಂಟದ ಮೇಲೆ ಸೆರಗು ಹಿಡಿದು ಕೂತಿದ್ದಳು. ನನ್ನನ್ನು ಕಂಡು ಹೋ ಎಂದು ಅತ್ತಳು. ಹೆಂಡತಿಗೆ ಅರ್ಜೆಂಟ್ ಆರ್ಡರು, ಬೆಳಿಗ್ಗೆಯೇ ಹೋಗಿದ್ದಳು. ಇಂಜೆಕ್ಷನ್ನಿಗೆ ಒದ್ದಾಡುವ ಎಂಥ ಜವಾನನನ್ನಾದರೂ ಹಿಡಿದು ಕೂರಿಸಿದವನಿಗೆ ಈ ಕೂಸನ್ನು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಅತ್ತೆಯೇ ನನ್ನ ತೋಳಿಗೆ ಕೊಟ್ಟು, "ಕರ್ಕೊಂಡು ಹೋಗ್ರಿ, ಅವರವ್ವನ ಕಂಡ್ರ ಸುಮ್ನಾಗತಾಳ" ಎಂದರು.

ಗಾರ್ಮೆಂಟ್ಸಿನ ಎದುರು ಬೇವಿನ ನೆರಳಿನಲ್ಲಿ ಕಾದೆ. ಊಟಕ್ಕೆ ಬಿಟ್ಟರು. ಹೆಂಗಸರು ಒಟ್ಟಿಗೆ ಹೊರಬಂದರು. ಎಲ್ಲರ ತಲೆಯ ಮೇಲೂ ನೂಲಿನ ಧೂಳು, ಎಲ್ಲರದೂ ದಣಿದ ಮುಖ. ನಾನು ಒಬ್ಬೊಬ್ಬರನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಮಗಳು ಅಳು ನಿಲ್ಲಿಸಿ, ನನ್ನ ತೋಳಿನಿಂದ ಜಿಗಿಯುವಂತೆ ಎರಡೂ ಕೈ ಚಾಚಿದಳು. ನನಗಿಂತ ಮೊದಲು ಮಗಳೇ ಅವ್ವನ ಗುರುತು ಹಿಡಿದಿದ್ದಳು.