ಮೊಮ್ಮಗಳ ಮದುವೆಗೆ ಒಂದು ಪ್ಯಾಂಟು

ದೋಹಾಕ್ಕೆ ಬಂದು ಮೂರು ದಿನ. ಅಕ್ಕ ಕೊಟ್ಟ ಕೆಲಸಕ್ಕೆ ನಜ್ಮಾ ಬಡಾವಣೆಯ ದರ್ಜಿ ಅಂಗಡಿಯಲ್ಲಿ ಕೂತಿದ್ದೇನೆ: ಬಾವನ ಆಫೀಸ್ ಪ್ಯಾಂಟಿನ ಅಂಚು ಮಡಚಿ ಹೊಲಿಸಬೇಕು. ದರ್ಜಿ ಇರಾನಿನವರು, ಹಿಂದಿ ಚೆನ್ನಾಗಿಯೇ ಮಾತಾಡುತ್ತಾರೆ.

ಕನ್ನಡಿಯ ಮುಂದೆ ಎಪ್ಪತ್ತು ದಾಟಿದವರೊಬ್ಬರು ಹೊಸ ಸೂಟು ಹಾಕಿಕೊಂಡು ನಿಂತಿದ್ದರು. ಕೋಟೇನೋ ಸರಿ, ಪ್ಯಾಂಟಿನೊಳಗೆ ಮಾತ್ರ ಇನ್ನೊಬ್ಬರು ಆರಾಮಾಗಿ ಹಿಡಿಸುತ್ತಿದ್ದರು.

"ಇವರು ನಮ್ಮ ದೇಶದ ದೊಡ್ಡ ಹಾಸ್ಯನಟರು. ಎಷ್ಟೋ ವರ್ಷ ಟೀವಿಯಲ್ಲಿ ಜಾರುವ ಪ್ಯಾಂಟು ಹಿಡಿದುಕೊಂಡೇ ಓಡಾಡಿದರು. ನಮ್ಮಮ್ಮ ನಕ್ಕು ನಕ್ಕು ಒಲೆಯ ಮೇಲಿನ ಅನ್ನ ಮರೆಯುತ್ತಿದ್ದಳು," ಎಂದರು ದರ್ಜಿ.

ಅಳತೆ ಸರಿಯಾಗಿಯೇ ತೆಗೆದಿದ್ದರಂತೆ. ಆದರೆ ಬಟ್ಟೆ ಇವರದು ಎಂದಾಗ ಕತ್ತರಿ ತಾನಾಗಿಯೇ ಅಗಲಕ್ಕೆ ಹೋಯಿತಂತೆ!

ನಟರು ಫಾರ್ಸಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ದರ್ಜಿಯ ಮುಖ ಸಪ್ಪಗಾಯಿತು.

"ನಾಳೆ ಮೊಮ್ಮಗಳ ಮದುವೆ. ಅದೊಂದು ದಿನ ನನ್ನನ್ನು ನೋಡಿ ಯಾರೂ ನಗಬಾರದು ಅಂತಾರೆ," ಎಂದು ದರ್ಜಿ ನನಗೆ ಹೇಳಿದರು.

"ನನ್ನದು ಆಮೇಲೆ ಮಾಡಿ," ಎಂದೆ. ದರ್ಜಿ ಹೊಲಿಗೆ ಬಿಚ್ಚಿದರು. ನಟರು ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು, ಅದರ ಮೂಲಕವೇ ಚಹಾ ಹೀರುತ್ತಾ ಕಾದರು. ನನಗೂ ಒಂದು ತುಂಡು ಕೊಟ್ಟರು.

ಮತ್ತೆ ಹಾಕಿಕೊಂಡಾಗ ಪ್ಯಾಂಟು ಮೈಗೆ ಸರಿಯಾಗಿ ಕೂತಿತ್ತು. ಕನ್ನಡಿಯಲ್ಲಿ ಗಂಭೀರವಾದ ಅಜ್ಜ. ದರ್ಜಿ "ಯಲ್ಲಾ, ನಡೀರಿ" ಎಂದು ಬಾಗಿಲತ್ತ ಕೈ ತೋರಿಸಿದರು, ನಡೆದು ನೋಡಲಿ ಎಂದು.

ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಅವರ ಎರಡೂ ಕೈ ಸೊಂಟಕ್ಕೆ ಹೋಗಿ, ಜಾರದ ಪ್ಯಾಂಟನ್ನು ಗಟ್ಟಿಯಾಗಿ ಹಿಡಿದುಕೊಂಡವು.

ದರ್ಜಿ ಬಾವನ ಪ್ಯಾಂಟಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಮಾತ್ರ ಕುಲುಕುತ್ತಿತ್ತು.